ಲೆಂಟ್ ವ್ರತವೂ ಅಂತರ್ಜಾಲದ ಆರಾಧನೆಯೂ

ನೀಲಗುಂದ, ಹರಪನಹಳ್ಳಿಗಳನ್ನೊಳಗೊಂಡಿದ್ದ ಹಳೆಯ ಬಳ್ಳಾರಿ ಜಿಲ್ಲೆಗೆ 1810ರಲ್ಲಿ ಲಂಡನ್ ಮಿಷನರಿ ಸಂಘದ ಜಾನ್ ಹ್ಯಾಂಡ್ಸ್ ಬಂದನು. ಆತನು ಬೈಬಲನ್ನು ಕನ್ನಡಕ್ಕೆ ತಂದುದರಿಂದ ಶಾಸ್ತ್ರವಾಚನವು ಮನೆಯಲ್ಲಿಯೂ ಸಾಧ್ಯವಾಯಿತು. ಆ ಸಂಘದ ಪರಂಪರೆಯೂ ಆಂಗ್ಲಿಕನ್ ಪರಂಪರೆಯೂ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಲ್ಲಿ ಒಂದುಗೂಡಿದವು.

ಈಸ್ಟರಿಗೆ ಮುಂಚೆ, ಭಾನುವಾರಗಳನ್ನು ಬಿಟ್ಟು 40 ದಿನ ಆಚರಿಸುವ ಲೆಂಟ್ ವ್ರತವು 2020ರಲ್ಲಿ ಫೆಬ್ರವರಿ 26ರ ಬೂದಿ ಬುಧವಾರದಂದು ಆರಂಭವಾಯಿತು. 24 ವ್ರತದಿನಗಳು ಕಳೆದಿರಲು, ಮಾರ್ಚ್ 25ರಂದು ಲಾಕ್‌ಡೌನ್ ದೇಶವ್ಯಾಪಿಯಾಗಿ ಜಾರಿಗೆ ಬಂದಿತು. ಚರ್ಚುಗಳು ಮುಚ್ಚಿರಲಾಗಿ ಉಳಿದ 16 ದಿನಗಳ ಆರಾಧನೆಯು, ಏಪ್ರಿಲ್ 10ರ ಶುಭ ಶುಕ್ರವಾರದ ಧ್ಯಾನವೂ ಸೇರಿದಂತೆ, ಅಂತರ್ಜಾಲವನ್ನು ಆಶ್ರಯಿಸಬೇಕಾಯಿತು.

ಇದರಿಂದ ವ್ರತಭಂಗವಾಯಿತೆ? ಉಪವಾಸ, ಪ್ರಾರ್ಥನೆ, ದಾನ ಎಂಬ ಅದರ ಮೂರು ಅಂಗಗಳಿಗೂ ಚರ್ಚಿನ ಗೋಡೆಗಳು ಅನಿವಾರ್ಯವಲ್ಲ. ವಾಚನವೂ ಪ್ರಸಂಗವೂ ದೂರದಿಂದ ಕೇಳಿಬರಬಲ್ಲವು. ಆದರೆ ಕರ್ತನ ಭೋಜನದ ರೊಟ್ಟಿಯನ್ನು ಮುರಿದು ಹಂಚುವುದಕ್ಕೆ ಜನರು ಒಂದೆಡೆ ಸೇರಬೇಕು. ಕನ್ನಡ ಕ್ರೈಸ್ತರು ತಮ್ಮ ಸಮುದಾಯವನ್ನು ‘ಸಭೆ’ ಎನ್ನುತ್ತಾರೆ. ನೆರೆದ ಜನರೆಂಬುದೇ ಆ ಪದದ ಅರ್ಥ. ಆಹಾರವನ್ನು ಸ್ವಇಚ್ಛೆಯಿಂದ ತೊರೆಯುವ ಕಾಲದಲ್ಲಿ, ಇಚ್ಛೆಯಿಲ್ಲದೆಯೇ ಪರಸ್ಪರ ಸಾನ್ನಿಧ್ಯವನ್ನು ತೊರೆಯಬೇಕಾಗಿ ಬಂದುದು ಆ ವರ್ಷದ ವಿಶೇಷ. ಅಂತರ್ಜಾಲದ ಆರಾಧನೆಯ ಉಪಕಾರವನ್ನು ಇತಿಹಾಸಕಾರನು ಈ ಕೊರತೆಯೊಡನೆಯೇ ಅಳೆಯಬೇಕು.