ಖರೇ ಗಂಡಸು ಯಾರು? ಅಮೆರಿಕದ ಸ್ಟೇಡಿಯಂನಿಂದ ಇಳಕಲ್ಲಿನ ಜೋಳಿಗೆವರೆಗೆ

(1/8)
"ಖರೇ ಗಂಡಸು ಅಂದ್ರ ಹಿಂಗಿರಬೇಕು" ಅಂತ ಹೇಳೋ ರೀಲ್ಸ್ ನಿಮ್ಮ ಫೀಡ್‌ನಾಗೂ ದಿನಾ ಬರ್ತಾವಲ್ಲ? ಮೀಸೆ, ಬುಲೆಟ್ ಗಾಡಿ, ಸ್ಲೋ ಮೋಷನ್, ಹಿಂದ ಜೋರು ಬಿಜಿಎಂ. ಒಮ್ಮೊಮ್ಮೆ ಅದೇ ವಿಡಿಯೋದಾಗ ದೇವರ ಫೋಟೋ, ಕೊನೀಗೆ ಒಬ್ಬ ಲೀಡರ್ ಮುಖ. ದೇವರು, ಗಂಡಸ್ತನ, ವೋಟು, ಈ ಮೂರೂ ಹೆಂಗ ಒಂದ ಫ್ರೇಮಿಗೆ ಬಂದವು? ಇದಕ್ಕ ದೊಡ್ಡ ಉದಾಹರಣೆ ಅಮೆರಿಕ. ಆದ್ರ ಅದೇ ಪ್ರಶ್ನೆಗೆ ನಮ್ಮ ಇಳಕಲ್ಲಿನಾಗ ಪೂರ್ತಿ ಬ್ಯಾರೆ ಉತ್ತರ ಸಿಕ್ಕೈತಿ. ಎಂಟು ಪೋಸ್ಟ್ ಅದಾವ, ಸಾವಕಾಶ ಓದ್ರಿ.

(2/8)
ಮೊದಲು ಒಂದು ಪದ: ಇವಾಂಜೆಲಿಕಲ್. ಬೈಬಲ್ಲೇ ಅಂತಿಮ, ಪ್ರತಿಯೊಬ್ಬನೂ ತಾನೇ ಮನಸ್ಸು ತಿರುಗಿಸಿ ಯೇಸುವನ್ನು ಒಪ್ಪಿಕೊಳ್ಳಬೇಕು, ಆ ಸುದ್ದಿಯನ್ನು ಊರಿಗೆಲ್ಲ ಸಾರಬೇಕು ಎಂದು ನಂಬುವ ಪ್ರೊಟೆಸ್ಟೆಂಟ್ ಕ್ರೈಸ್ತರು ಇವರು. ಈ ಧಾರೆ ನಮ್ಮ ಜಿಲ್ಲೆಗೂ ಬಂದಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1851ರಲ್ಲಿ ಗುಳೇದಗುಡ್ಡದಲ್ಲಿ ತನ್ನ ಕೇಂದ್ರ ತೆರೆಯಿತು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಕಿಟೆಲ್ ಅವರೂ ಇದೇ ಮಿಷನ್ನಿನವರು. ನಮ್ಮ ಕಡೆ ಅವರ ಗುರುತು ಚರ್ಚು, ಶಾಲೆ, ನಿಘಂಟಾಗಿ ಉಳೀತು. ಅಮೆರಿಕದಾಗ ಮಾತ್ರ ಇದೇ ಧಾರೆ ದೊಡ್ಡ ರಾಜಕೀಯ ಶಕ್ತಿ ಆತು.

(3/8)
ಬಿಲ್ಲಿ ಸಂಡೇ ಅಂತ ಒಬ್ಬ ಇದ್ದ (1862–1935). ಮೊದಲು ಬೇಸ್‌ಬಾಲ್ ಪ್ಲೇಯರ್, ಆಮ್ಯಾಲೆ ಬೋಧಕ. ವೇದಿಕೆ ಮ್ಯಾಲೆ ಓಡ್ತಿದ್ದ, ಜಿಗೀತಿದ್ದ, ಕುರ್ಚಿ ಮುರೀತಿದ್ದ. ಯೇಸು ಅಂದ್ರ ಮೆತ್ತಗಿನ ಮನುಷ್ಯ ಅಲ್ಲ, ಗಟ್ಟಿ ಹೋರಾಟಗಾರ ಅನ್ನೋದು ಅವನ ಮಾತಿನ ಸಾರ. ಚರ್ಚಿಗೆ ಹೆಂಗಸರೇ ಜಾಸ್ತಿ ಬರ್ತಾರ, ಗಂಡಸರನ್ನ ಕರಕೊಂಡು ಬರಬೇಕಂದ್ರ ದೇವರೂ "ಗಂಡಸು" ಆಗಬೇಕು ಅನ್ನೋ ಚಿಂತೆ ಆ ಕಾಲದಾಗ ಬಹಳ ಇತ್ತು.

ಅವನ ದೊಡ್ಡ ಶತ್ರು ಹೆಂಡ. ಆದ್ರ ಈ ಹೋರಾಟ ಅವನು ಹುಟ್ಟಿಸಿದ್ದಲ್ಲ. ಕುಡುಕ ಗಂಡಂದಿರ ಕೈಯಾಗ ನೊಂದ ಹೆಣ್ಣುಮಕ್ಕಳು 1874ರಲ್ಲೇ ಕ್ರಿಶ್ಚಿಯನ್ ಮಹಿಳೆಯರ ಮದ್ಯವಿರೋಧಿ ಸಂಘ ಕಟ್ಟಿದ್ದರು. 1920ರಲ್ಲಿ ಇಡೀ ದೇಶದಾಗ ಮದ್ಯ ನಿಷೇಧ ಜಾರಿಗೆ ಬಂತು. ಕಳ್ಳ ಸಾರಾಯಿ ಹೆಚ್ಚಾತು, ಗ್ಯಾಂಗುಗಳು ಬೆಳೆದವು, 1933ರಲ್ಲಿ ಕಾನೂನು ವಾಪಸ್. ಧರ್ಮದ ಮಾತು ಕಾನೂನಾಗಿ ಗೆದ್ದು, ಕಾನೂನಾಗೇ ಸೋತ ಕತೆ ಇದು.

(4/8)
ಮುಂದ ಶತ್ರು ಬದಲಾದ: ಕಮ್ಯುನಿಸ್ಟರು, ಆಮ್ಯಾಲೆ ಸ್ತ್ರೀವಾದಿಗಳು. 1979ರಲ್ಲಿ ಜೆರ್ರಿ ಫಾಲ್ವೆಲ್ ಎಂಬ ಪಾದ್ರಿ "ಮಾರಲ್ ಮೆಜಾರಿಟಿ" ಸಂಘಟನೆ ಕಟ್ಟಿದ, 1980ರ ಚುನಾವಣೆಯಲ್ಲಿ ರೇಗನ್ ಪರ ನಿಂತ. 1990ರಲ್ಲಿ ಬಿಲ್ ಮೆಕ್ಕಾರ್ಟ್ನಿ ಎಂಬ ಫುಟ್‌ಬಾಲ್ ಕೋಚ್ "ಪ್ರಾಮಿಸ್ ಕೀಪರ್ಸ್" ಶುರು ಮಾಡಿದ. ಸ್ಟೇಡಿಯಂ ತುಂಬ ಗಂಡಸರು, ಕಣ್ಣೀರು, ಅಪ್ಪುಗೆ, ಹೆಂಡತಿ ಮಕ್ಕಳಿಗೆ ನಿಷ್ಠನಾಗಿರ್ತೀನಿ ಅನ್ನೋ ಪ್ರತಿಜ್ಞೆ. 1997ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನಾಗ ಲಕ್ಷಗಟ್ಟಲೆ ಮಂದಿ ಸೇರಿದ್ರು. ಒಳ್ಳೇದ ಅಲ್ಲೇನು? ಆದ್ರ ಮಹಿಳಾ ಸಂಘಟನೆಗಳು ಒಂದು ಪ್ರಶ್ನೆ ಎತ್ತಿದವು: ಮನೀಗೆ ಗಂಡಸೇ ನಾಯಕ ಅನ್ನೋ ಪಟ್ಟನೂ ಇದರ ಜೋಡಿ ವಾಪಸ್ ಬರ್ತೈತಲ್ಲ?

2016ರ ಎಕ್ಸಿಟ್ ಪೋಲ್‌ನಾಗ ಬಿಳಿಯ ಇವಾಂಜೆಲಿಕಲ್ ಮತದಾರರಲ್ಲಿ 100ಕ್ಕೆ ಸುಮಾರು 80 ಮಂದಿ ಟ್ರಂಪ್‌ಗೆ ವೋಟು ಹಾಕಿದ್ರು. ಮೂರು ಮದುವೆ ಆದ, ಜೂಜಿನ ಕ್ಯಾಸಿನೋ ನಡೆಸಿದ ಮನುಷ್ಯನಿಗೆ! ಇದು ಅಡ್ಡದಾರಿ ಅಲ್ಲ, ಹತ್ತಾರು ವರ್ಷ ಕಟ್ಟಿದ ದಾರಿ ಮುಟ್ಟಿದ ಊರು ಅಂತ ಇತಿಹಾಸಕಾರ್ತಿ ಕ್ರಿಸ್ಟಿನ್ ಕೋಬ್ಸ್ ಡು ಮೇಜ್ 2020ರ ತಮ್ಮ ಪುಸ್ತಕದಾಗ ವಾದ ಮಾಡ್ಯಾರ. ಪುಸ್ತಕದ ಹೆಸರು "ಜೀಸಸ್ ಅಂಡ್ ಜಾನ್ ವೇನ್". ಜಾನ್ ವೇನ್ ಅಂದ್ರ ಸಿನಿಮಾದ ಕೌಬಾಯ್, ಸಿನಿಮಾ ಸೈನಿಕ. ಖರೇ ಯುದ್ಧಕ್ಕ ಅವ ಹೋಗಿರಲೇ ಇಲ್ಲ!

(5/8)
"ಅದು ಅಮೆರಿಕ ಬಿಡು" ಅನ್ನಬ್ಯಾಡ್ರಿ. ನಮ್ಮ ನೆಲ ನೋಡ್ರಿ. ಹುನಗುಂದ ತಾಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿ 634ರ ಶಾಸನ ಐತಿ. ಅದರಾಗ ರವಿಕೀರ್ತಿ ಇಮ್ಮಡಿ ಪುಲಕೇಶಿಯ ಗೆಲುವುಗಳನ್ನ ಸಾಲಾಗಿ ಹೊಗಳ್ಯಾನ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಬಾದಾಮಿ ಗೆದ್ದು "ವಾತಾಪಿಕೊಂಡ" ಅಂತ ಬಿರುದು ಇಟ್ಟುಕೊಂಡ. ಗೆದ್ದವನೇ ಗಂಡು, ಇದು ಒಂದು ಲೆಕ್ಕ.

ಅದೇ ಹುನಗುಂದ ಸೀಮೆಯ ಕೂಡಲಸಂಗಮದಾಗ ಇನ್ನೊಂದು ಲೆಕ್ಕ ಐತಿ. ಬಸವಣ್ಣನವರು ಓದಿ ಬೆಳೆದ, ಐಕ್ಯರಾದ ಜಾಗ. ಶರಣರ ದಾರಿಯಲ್ಲಿ ಶರಣ ಸತಿ, ಲಿಂಗ ಪತಿ. ಅಂದ್ರ ಮೀಸೆ ಹೊತ್ತ ಗಂಡಸೂ ದೇವರ ಮುಂದ ಹೆಂಡತಿ! ನೇಕಾರ ದಾಸಿಮಯ್ಯನವರಂತೂ ಗಂಡು-ಹೆಣ್ಣು ಅನ್ನೋ ಗುರುತು ದೇಹಕ್ಕಷ್ಟೇ, ಒಳಗಿನ ಆತ್ಮಕ್ಕ ಅದಿಲ್ಲ ಅಂದ್ರು. ಆದ್ರ ಬೆಂಗಳೂರಿನ ಬಸವೇಶ್ವರ ವೃತ್ತದಾಗ ನಾವು ಅದೇ ಬಸವಣ್ಣನವರನ್ನ ಕುದುರೆ ಮ್ಯಾಲೆ ಕೂಡಿಸೀವಿ. ಬಿಲ್ಲಿ ಸಂಡೇ ಯೇಸುವಿಗೆ ಮಾಡಿದ್ದಕ್ಕೂ ಇದಕ್ಕೂ ಎಷ್ಟು ದೂರ ಐತಿ? ನೀವ ವಿಚಾರ ಮಾಡ್ರಿ.

(6/8)
ಈಗ ಇಳಕಲ್. ಚಿತ್ತರಗಿ-ಇಳಕಲ್ ವಿಜಯಮಹಾಂತೇಶ್ವರ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ "ಮಹಾಂತ ಜೋಳಿಗೆ" ಆರಂಭಿಸಿದರು. ಸ್ವಾಮಿಗಳು ಜೋಳಿಗೆ ಹಿಡಿದು ಬಂದ್ರ ಜನ ಜ್ವಾಳ, ರೊಕ್ಕ ಹಾಕ್ತಾರ. ಇವರು ಅದನ್ನ ಕೇಳಲಿಲ್ಲ. ನಿಮ್ಮ ದುಶ್ಚಟ ಭಿಕ್ಷೆ ಹಾಕ್ರಿ ಅಂದ್ರು. ಸೆರೆ, ಬೀಡಿ, ಸಿಗರೇಟು, ಗುಟ್ಕಾ ಎಲ್ಲಾ ಜೋಳಿಗೆಗೆ. ಇನ್ನು ಮುಟ್ಟೂದಿಲ್ಲ ಅಂತ ಮಾತು ಕೊಡಬೇಕು. ಊರೂರು, ಕೇರಿ ಕೇರಿ ತಿರುಗಿದ್ರು, 2018ರ ಮೇ ತಿಂಗಳಲ್ಲಿ ಲಿಂಗೈಕ್ಯರಾಗೋವರೆಗೂ ಇದೇ ಅವರ ಗುರುತು.

ಪ್ರಾಮಿಸ್ ಕೀಪರ್ಸ್ ಜೋಡಿ ಹೋಲಿಸಿ ನೋಡ್ರಿ. ಎರಡೂ ಕಡೆ ಗಂಡಸು ಮಂದಿ ಮುಂದ ನಿಂತು ಪ್ರತಿಜ್ಞೆ ಮಾಡ್ತಾನ. ಅಲ್ಲಿ ಮಾತು ಕೊಟ್ಟವನಿಗೆ ಮನೀ ನಾಯಕನ ಪಟ್ಟ ಸಿಗ್ತಿತ್ತು. ಇಲ್ಲಿ ಜೋಳಿಗೆಗೆ ಹಾಕಿದವ ಬರೀ ಕೈಲೆ ಮನೀಗೆ ಹೋಗ್ತಿದ್ದ. ಹೊರಗೆ ಸೋಲಿಸಬೇಕಾದ ಶತ್ರು ಯಾರೂ ಇಲ್ಲ. ಬಾಗಬೇಕಾದವ ತಾನೇ.

(7/8)
ಆದ್ರ ನಾವು ಬಿಕಾಂನವರು, ಬ್ಯಾಲೆನ್ಸ್ ಶೀಟಿನ ಎರಡೂ ಕಡೆ ನೋಡಬೇಕು. ಮಹಾಂತ ಶಿವಯೋಗಿಗಳ ಜನ್ಮದಿನ ಆಗಸ್ಟ್ 1ನ್ನು ನಮ್ಮ ಸರ್ಕಾರ "ವ್ಯಸನಮುಕ್ತ ದಿನ" ಅಂತ ಆಚರಿಸ್ತೈತಿ. ಅದೇ ಸರ್ಕಾರದ ಖಜಾನೆಗೆ ಅಬಕಾರಿಯಿಂದ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬರ್ತೈತಿ. 2007ರಲ್ಲಿ ಸಾರಾಯಿ ನಿಷೇಧ ಆತು, ಬ್ರಾಂಡಿ ಅಂಗಡಿ ಉಳಿದವು. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕು ಅಂತ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡಕೋತ ಹೋದ್ರು. ನಿಷೇಧ ಬರಲಿಲ್ಲ.

ಅಮೆರಿಕದಾಗೂ ಇಲ್ಲೂ ಬೀದಿಗೆ ಮೊದಲು ಇಳಿದವರು ಹೆಣ್ಣುಮಕ್ಕಳೇ, ಯಾಕಂದ್ರ ಗಂಡಸಿನ ಕುಡಿತದ ಬಿಲ್ ಕಟ್ಟೋರು ಅವರು. ಬರೀ ಕಾನೂನು ಸಾಲೂದಿಲ್ಲ ಅಂತ 1933 ಹೇಳ್ತೈತಿ. ಬರೀ ಪ್ರತಿಜ್ಞೆನೂ ಸಾಲೂದಿಲ್ಲ ಅಂತ ಓಣಿ ಕೊನೀಗಿರೋ ವೈನ್ ಶಾಪ್ ಹೇಳ್ತೈತಿ.

(8/8)
ನನಗ ತಿಳಿದದ್ದು ಇಷ್ಟು. "ಖರೇ ಗಂಡಸು ಯಾರು" ಅನ್ನೋ ಪ್ರಶ್ನೆ ಎಲ್ಲಾ ಧರ್ಮಕ್ಕೂ ಬರ್ತೈತಿ. "ಯಾರನ್ನೋ ಸೋಲಿಸೋವ" ಅಂತ ಉತ್ತರ ಕೊಟ್ಟ ಕೂಡಲೇ ಪಾರ್ಟಿಯವರು ಬಂದು ಅದನ್ನ ಎತ್ಕೊಂಡು ಹೋಗ್ತಾರ. ಅವರಿಗೆ ಬೇಕಾಗಿದ್ದು ಅಂಥಾ ಹುಡುಗರೇ, ನಮ್ಮ ವಯಸ್ಸಿನವರೇ. "ತನ್ನ ಚಟ ಬಿಡೋವ" ಅಂದ್ರ ಆ ಉತ್ತರದಿಂದ ರ‍್ಯಾಲಿ ತುಂಬಿಸಾಕ ಆಗೂದಿಲ್ಲ. ಅದಕ್ಕ ಅದು ರೀಲ್ಸ್‌ನಾಗ ಬರೂದಿಲ್ಲ.

ಮುಂದಿನ ಸಲ ಅಂಥಾ ವಿಡಿಯೋ ಬಂದ್ರ ಒಂದ ಪ್ರಶ್ನೆ ಕೇಳ್ರಿ: ಇವ ನನಗ ಏನರ ಬಿಡು ಅಂತಾನೋ, ಯಾರನ್ನರ ಹೊಡಿ ಅಂತಾನೋ?

ಜೋಳಿಗೆ ನಿಮ್ಮ ಊರಿಗೂ ಬಂದಿತ್ತೇನು? ಮನ್ಯಾಗ ಅಜ್ಜ-ಅಜ್ಜಿನ್ನ ಕೇಳಿ ಕಾಮೆಂಟಿನಾಗ ಬರೀರಿ. ಹಾಸ್ಟೆಲ್ ರೂಮ್‌ಮೇಟ್‌ಗೂ ಶೇರ್ ಮಾಡ್ರಿ 🙏

#ಇಳಕಲ್ #ಬಾಗಲಕೋಟೆ #ಹುನಗುಂದ #ಬಾದಾಮಿ #ಮಹಾಂತಜೋಳಿಗೆ #ಕನ್ನಡದಾಗಇತಿಹಾಸ