ಆರ್ಚ್‌ಟಾಪ್ ಗಿಟಾರಿನ ದಪ್ಪ ತಂತಿಗಳು

ಆರ್ಚ್‌ಟಾಪ್ ಎಂದರೆ ಮುಖದ ಹಲಗೆಯನ್ನು ಪಿಟೀಲಿನಂತೆ ನಡುವೆ ಉಬ್ಬಾಗಿ ಕೆತ್ತಿದ ಗಿಟಾರ್. ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ ಆರ್ವಿಲ್ ಗಿಬ್ಸನ್ ಅವರು 19ನೆಯ ಶತಮಾನದ ಕೊನೆಗೆ ಇಂಥ ಕೆತ್ತನೆಯನ್ನು ಗಿಟಾರಿಗೆ ತಂದರು; ಅವರ ಹೆಸರಿನ ಕಂಪನಿಯಿಂದ 1922ರ ಸುಮಾರಿಗೆ ಲಾಯ್ಡ್ ಲೋರ್ ಅವರ ಉಸ್ತುವಾರಿಯಲ್ಲಿ ಹೊರಬಂದ ಎಲ್-5, ದುಂಡು ರಂಧ್ರದ ಬದಲು ಪಿಟೀಲಿನಂಥ ಎರಡು ಸೀಳುಗಳನ್ನು ಪಡೆದು, ಮುಂದಿನ ತಯಾರಕರಿಗೆಲ್ಲ ಮೇಲ್ಪಂಕ್ತಿಯಾಯಿತು. ಸಾಮಾನ್ಯ ಗಿಟಾರಿನಲ್ಲಿ ತಂತಿಗಳು ಹಲಗೆಗೆ ಅಂಟಿಸಿದ ಬ್ರಿಜ್ಜಿಗೇ ಬಿಗಿದಿರುತ್ತವೆ. ಇಲ್ಲಿ ಅವು ವಾದ್ಯದ ಅಂಚಿನ ಟೇಲ್‌ಪೀಸ್ ಎಂಬ ಲೋಹದ ಪಟ್ಟಿಗೆ ಸಿಕ್ಕಿಕೊಂಡು, ಅಂಟಿಲ್ಲದೆ ನಿಂತ ಬ್ರಿಜ್ಜನ್ನು, ಅಂದರೆ ವೀಣೆಯವರು ಕುದುರೆ ಎನ್ನುವ ಭಾಗವನ್ನು, ಕೆಳಕ್ಕೆ ಒತ್ತುತ್ತವೆ. ಕೆತ್ತಿದ ಗಟ್ಟಿ ಹಲಗೆಯನ್ನು ಚೆನ್ನಾಗಿ ಮಿಡಿಸಲು ಬಿಗುವಾದ ತಂತಿಯೇ ಬೇಕಾಯಿತು.

ತಂತಿಯ ದಪ್ಪವನ್ನು, ಎಂದರೆ ಗೇಜನ್ನು, ಅಂಗುಲದ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಹೇಳುವುದು ರೂಢಿ. ‘ಹದಿಮೂರರ ಸೆಟ್’ ಎಂದರೆ ಅತ್ಯಂತ ತೆಳುವಾದ ತಂತಿಯ ವ್ಯಾಸ 0.013 ಅಂಗುಲ ಎಂದರ್ಥ. ಉದ್ದವೂ ಶ್ರುತಿಯೂ ಬದಲಾಗದಿದ್ದರೆ ಉಕ್ಕಿನ ತಂತಿಯ ಬಿಗುವು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 25.5 ಅಂಗುಲದ ಗಿಟಾರಿನಲ್ಲಿ ಹತ್ತರ ಮೊದಲ ತಂತಿ ಸುಮಾರು 7.3 ಕಿಲೋ ಎಳೆದರೆ ಹದಿಮೂರರದು 12.4 ಕಿಲೋ ಎಳೆಯುತ್ತದೆ.

ಈ ಭಾರವನ್ನು ಬೆರಳುಗಳು ಸಹಿಸಿಕೊಂಡದ್ದು ಸದ್ದಿಗಾಗಿ. 1930ರ ದಶಕದ ನೃತ್ಯಮಂಡಳಿಗಳಲ್ಲಿ ಟ್ರಂಪೆಟ್, ಸ್ಯಾಕ್ಸೊಫೋನ್‌ಗಳ ಸಾಲಿನ ಪಕ್ಕದಲ್ಲಿ ಕುಳಿತ ಗಿಟಾರ್ ವಾದಕನಿಗೆ ಕೇಳಿಸುವುದೇ ಮೊದಲ ಚಿಂತೆಯಾಗಿತ್ತು. 1934ರಲ್ಲಿ ಗಿಬ್ಸನ್ ಕಂಪನಿ 18 ಅಂಗುಲ ಅಗಲದ ಸೂಪರ್ 400 ತಂದದ್ದೂ ಅದಕ್ಕಾಗಿಯೇ. 1937ರಲ್ಲಿ ಕೌಂಟ್ ಬೇಸಿ ಅವರ ಜಾಸ್ ಮಂಡಳಿ ಸೇರಿದ ಗಿಟಾರ್ ವಾದಕ ಫ್ರೆಡ್ಡಿ ಗ್ರೀನ್, ದಪ್ಪ ತಂತಿಗಳನ್ನು ಬೆರಳಹಲಗೆಯಿಂದ ಬಹಳ ಮೇಲಕ್ಕೆ ಎತ್ತಿ ಕಟ್ಟಿಕೊಂಡು, ವಿದ್ಯುತ್ತಿನ ನೆರವು ಬೇಡದೆ, ತಾಳದ ನಾಲ್ಕೂ ಎಣಿಕೆಗಳನ್ನು ದಶಕಗಳ ಕಾಲ ಮೀಟಿದರು.

ಅದೇ ಹೊತ್ತಿಗೆ ಈ ತರ್ಕದ ಬೇರು ಕಡಿದಿತ್ತು. 1936ರ ಇಎಸ್-150 ಎಂಬ ವಿದ್ಯುತ್ ಗಿಟಾರ್ ಮತ್ತು ಅದನ್ನು 1939ರಿಂದ ಬೆನ್ನಿ ಗುಡ್‌ಮನ್ ಅವರ ತಂಡದಲ್ಲಿ ನುಡಿಸಿದ ಚಾರ್ಲಿ ಕ್ರಿಶ್ಚಿಯನ್ ಅವರಿಂದಾಗಿ ಸದ್ದಿನ ಹೊಣೆ ಹಲಗೆಯಿಂದ ಆಂಪ್ಲಿಫೈಯರಿಗೆ ದಾಟಿತು. ತಂತಿಯ ಮಿಡಿತವನ್ನು ವಿದ್ಯುತ್ತಾಗಿಸುವ ಅಯಸ್ಕಾಂತದ ಪಿಕಪ್, ದಪ್ಪ ತಂತಿಗಳ ಮೇಲಿನ ಕಂಚಿನ ಸುತ್ತನ್ನು ಗ್ರಹಿಸದೆ ಒಳಗಿನ ಉಕ್ಕನ್ನು ಮಾತ್ರ ಗ್ರಹಿಸುವುದರಿಂದ, ಸುತ್ತಿಗೆ ನಿಕ್ಕಲ್ ಅಥವಾ ಉಕ್ಕು ಬಂದಿತು. ದಪ್ಪ ಮಾತ್ರ ಇಳಿಯಲಿಲ್ಲ. ಹೆಬ್ಬೆರಳಿನಲ್ಲಿ ಮೀಟುತ್ತಿದ್ದ ಜಾಸ್ ವಾದಕ ವೆಸ್ ಮಾಂಟ್ಗೊಮರಿ ಅವರು ಚಪ್ಪಟೆ ಪಟ್ಟಿ ಸುತ್ತಿದ ದಪ್ಪ ತಂತಿಗಳನ್ನೇ ಬಳಸಿದರು. ದಪ್ಪ ತಂತಿಯ ನಾದ ತುಂಬಿ ಬರುತ್ತದೆಂಬ ವಾದಕರ ಮಾತು ಸುಳ್ಳಲ್ಲ. ಆದರೆ ಮೊದಲು ಅವಶ್ಯಕತೆಯಾಗಿದ್ದುದು ಆಮೇಲೆ ಅಭಿರುಚಿಯ ಹೆಸರಿನಲ್ಲಿ ಉಳಿದುಕೊಂಡಿತೆಂಬುದೂ ಅಷ್ಟೇ ನಿಜ.

1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಅಂಗಡಿಕಾರ ಅರ್ನಿ ಬಾಲ್, ತಂತಿ ಜಗ್ಗಿ ಸ್ವರ ಏರಿಸುವ ರಾಕ್ ಹುಡುಗರಿಗೆಂದು ತೆಳು ಸೆಟ್ಟುಗಳನ್ನು ಮಾರತೊಡಗಿದರು. ಅವುಗಳಲ್ಲಿ ಮೂರನೆಯ ತಂತಿಗೆ ಸುತ್ತಿರಲಿಲ್ಲ. ಜಾಸ್ ವಾದಕರಿಗೆ ಅಷ್ಟು ಜಗ್ಗುವ ಅಗತ್ಯ ಕಡಿಮೆ. ಮೇಲಾಗಿ ಆರ್ಚ್‌ಟಾಪ್‌ನ ಮರದ ಬ್ರಿಜ್ಜಿನಲ್ಲಿ ತಂತಿಗಳು ಕೂರುವ ಮೆಟ್ಟುಗಳನ್ನು ಸುತ್ತಿರುವ ಮೂರನೆಯ ತಂತಿಯ ಅಳತೆಗೇ ಕೊರೆದಿರುತ್ತಾರೆ. ಅಲ್ಲಿ ಸುತ್ತಿಲ್ಲದ್ದನ್ನು ಹಾಕಿದರೆ ಕೆಳಗಿನ ಮನೆಗಳಲ್ಲಿ ಸರಿಯಿದ್ದ ಸ್ವರ ಮೇಲಿನ ಮನೆಗಳಿಗೆ ಹೋದಂತೆ ಶ್ರುತಿಗಿಂತ ಹೆಚ್ಚಾಗಿ, ಬ್ರಿಜ್ಜಿನ ಮೇಲ್ಭಾಗವನ್ನೇ ಬದಲಿಸಬೇಕಾಗುತ್ತದೆ.