ಮೊಸರುಬಜ್ಜಿಯ ಚರಿತ್ರೆ

ಅತಿಥಿಗಳಿಗೆ ಎಲೆ ಹಾಕಿದಾಗ ಅನ್ನಕ್ಕೆ ಮುಂಚೆ ಉಪ್ಪು, ಕೋಸಂಬರಿ, ಪಲ್ಯ, ಗೊಜ್ಜುಗಳನ್ನು ಬಡಿಸುವುದು ಮೈಸೂರಿನ ಮನೆಗಳ ಪದ್ಧತಿ. ನಾಲಗೆಯ ಜಾಡ್ಯವನ್ನು ಕಳೆದು ಹಸಿವನ್ನು ಕೆರಳಿಸುವುದೇ ಇವುಗಳ ಪ್ರಯೋಜನವು. ಸುಟ್ಟ ಬದನೆಕಾಯಿಯ ಮೊಸರುಬಜ್ಜಿಯೂ ಈ ವರ್ಗಕ್ಕೆ ಸೇರಿದುದು. ರೊಟ್ಟಿಯನ್ನಾಗಲಿ ಹಪ್ಪಳವನ್ನಾಗಲಿ ಇದರಲ್ಲಿ ಅದ್ದಿಕೊಂಡು ತಿನ್ನುವ ಸೊಗಸು ವಾಚಕರಿಗೆ ವಿದಿತವೇ ಇದೆ. ಇದನ್ನು ಅನಾದಿಯಿಂದ ಬಂದ ಪಾಕವೆಂದು ಹೇಳುವವರುಂಟು. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಿಸೋಣ.

ಮೊದಲು ಹೆಸರು. ಬಜ್ಜಿ ಎಂಬುದು ಹುರಿಯುವುದು, ಸುಡುವುದು ಎಂಬರ್ಥದ ಸಂಸ್ಕೃತದ ಭ್ರಸ್ಜ ಧಾತುವಿನಿಂದ ಬಂದ ಭರ್ಜಿತ ಶಬ್ದದ ತದ್ಭವವು. ಆದುದರಿಂದಲೇ ಎಣ್ಣೆಯಲ್ಲಿ ಕರಿದುದಕ್ಕೂ ಕೆಂಡದಲ್ಲಿ ಸುಟ್ಟು ಹಿಸುಕಿದುದಕ್ಕೂ ಒಂದೇ ಹೆಸರು ನಿಂತಿದೆ.

ಬದನೆಯಾದರೋ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ವಾರ್ತಾಕ, ವೃಂತಾಕ, ವಾತಿಂಗಣ ಎಂಬ ಹೆಸರುಗಳು ಸಂಸ್ಕೃತದಲ್ಲಿವೆ. ಇವುಗಳಲ್ಲಿ ವಾತಿಂಗಣ ಶಬ್ದವು ಪಾರಸಿಯಲ್ಲಿ ಬಾದಿಂಗಾನ್ ಆಗಿ, ಅರಬ್ಬಿಯಲ್ಲಿ ಬಾದಿಂಜಾನ್ ಆಗಿ, ಅರಬ್ಬರೊಡನೆ ಸ್ಪೇನ್, ಪೋರ್ಚುಗಲ್ ದೇಶಗಳನ್ನು ಸೇರಿತು. ಪೋರ್ಚುಗೀಸರ ನಾಲಗೆಯ ಮೇಲೆ ಮರಳಿ ನಮ್ಮ ತೀರಕ್ಕೆ ಬಂದು, ಇಂಗ್ಲಿಷರ ಬಾಯಲ್ಲಿ ಬ್ರಿಂಜಾಲ್ ಎನಿಸಿತು. ನಮ್ಮ ನಗರದ ಈರನಗೆರೆಯ ಹೆಸರು ಬದನೆಯಿಂದಲೇ ಪ್ರಸಿದ್ಧವಾಗಿರುವುದನ್ನು ಇಲ್ಲಿ ಸ್ಮರಿಸಬಹುದು. ಹುಣಸೂರು ಸೀಮೆಯ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು ಸುಮಾರು 1508ರ ಕಾಲದವನು. ಅವನ 'ಸೂಪಶಾಸ್ತ್ರ'ದಲ್ಲಿ ಬದನೆಯ ಪಾಕಗಳಿಗೆ ವಿಶೇಷ ಸ್ಥಾನವಿದೆ.

ಆದರೆ ಬಜ್ಜಿಯಲ್ಲಿ ನಾವು ಹಾಕುವ ಹಸಿಯ ಮೆಣಸಿನಕಾಯಿ ಮಂಗರಸನ ಒಲೆಯ ಬಳಿ ಇರಲಿಲ್ಲ. ಅದರ ತವರು ಅಮೆರಿಕಾ ಖಂಡ. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದನು. 1510ರಲ್ಲಿ ಗೋವೆಯು ಪೋರ್ಚುಗೀಸರ ವಶವಾಯಿತು. ಆ ಬಳಿಕವೇ ಇದು ನಮ್ಮಲ್ಲಿ ಹರಡಿದುದು. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ಮೆಣಸು ಎಂದರೆ ಮೊದಲು ಕರಿಯ ಮೆಣಸೇ. ಅದರಂತೆ ಖಾರವಾದ ಹೊಸ ಕಾಯಿಯನ್ನು ಜನರು ಮೆಣಸಿನಕಾಯಿ ಎಂದು ಕರೆದರು. ಎರಡನೆಯ ಸಾಕ್ಷಿ ನಮ್ಮ ಅಡಿಗೆಯ ಮನೆ. ಅನೇಕ ಮನೆಗಳಲ್ಲಿ ಇಂದಿಗೂ ಶ್ರಾದ್ಧದ ಅಡಿಗೆಗೆ ಮೆಣಸಿನಕಾಯಿ ಸಲ್ಲದು, ಕರಿಯ ಮೆಣಸೇ ಆಗಬೇಕು. ಪಿತೃಗಳಿಗೆ ಅವರು ಉಂಡ ರುಚಿಯನ್ನೇ ಉಣಬಡಿಸುವ ಈ ಆಚಾರವು ಐನೂರು ವರ್ಷಗಳ ಹಿಂದಿನ ಪಾಕಕ್ರಮವನ್ನು ಕಾಪಾಡಿಕೊಂಡು ಬಂದಿದೆ.

ಹಳೆಯ ರುಚಿಯನ್ನು ಪರೀಕ್ಷಿಸಲಿಚ್ಛಿಸುವ ಗೃಹಿಣಿಯರು ಹೀಗೆ ಮಾಡಬಹುದು. ಎರಡು ಬದನೆಕಾಯಿಗಳಿಗೆ ಎಣ್ಣೆ ಸವರಿ, ಸಿಪ್ಪೆ ಬಿರಿಯುವವರೆಗೆ ಕೆಂಡದಲ್ಲಿ ಸುಟ್ಟು, ಸುಲಿದು ಹಿಸುಕಬೇಕು. ಸಂಪೂರ್ಣ ಆರಿದ ಮೇಲೆಯೇ ಒಂದು ಬಟ್ಟಲು ಗಟ್ಟಿ ಮೊಸರನ್ನು ಬೆರೆಸಬೇಕು. ಬಿಸಿಯಲ್ಲಿ ಬೆರೆಸಿದರೆ ಮೊಸರು ಒಡೆದು ನೀರಾಗುವುದು. ಕುಟ್ಟಿದ ಮೆಣಸು, ತುರಿದ ಶುಂಠಿ, ಉಪ್ಪು ಸೇರಿಸಿ ಸಾಸಿವೆ, ಇಂಗು, ಕರಿಬೇವುಗಳ ಒಗ್ಗರಣೆ ಕೊಟ್ಟರಾಯಿತು.

ಹೀಗಿರಲು, ಮೆಣಸಿನಕಾಯಿಯನ್ನು ಪರದೇಶಿಯೆಂದು ದೂರವಿಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಬಂದುದನ್ನು ಆದರಿಸಿ ನಮ್ಮದಾಗಿಸಿಕೊಂಡುದು ನಮ್ಮ ಹಿರಿಯರ ಔದಾರ್ಯವು. ಆದರೆ ಯಾವುದು ಇಲ್ಲಿಯದು, ಯಾವುದು ಬಂದುದು ಎಂಬ ತಿಳಿವಳಿಕೆಯನ್ನು ಕಳೆದುಕೊಳ್ಳಬಾರದು. ಮಂಗರಸನು ಬರೆದಿಟ್ಟುದರಿಂದ ಅಷ್ಟನ್ನು ಬಲ್ಲೆವು. ನಮ್ಮ ಅಜ್ಜಿಯರು ಬರೆದಿಡಲಿಲ್ಲ. ಮನೆಯಲ್ಲಿ ವೃದ್ಧೆಯರಿರುವ ವಾಚಕರು ಅವರ ಬಾಯಿಂದ ಪಾಕಗಳನ್ನು ಕೇಳಿ, ಅಳತೆಸಹಿತ ಬರೆದಿಡಬೇಕೆಂದು ಪ್ರಾರ್ಥಿಸುತ್ತೇನೆ.